ನೀರು ಹಾಕಬಾರದ ಡಬ್ಬಿ

ಸಣ್ಣ ಮಕ್ಕಳಿಗೆ ವಿಜ್ಞಾನ ಕಲಿಸುವವರಿಗೆ ಸಂಜೆಯ ಚಹಾ ಬಿಸಿ ಇದ್ದಾಗ ಕುಡಿಯುವ ಯೋಗ ಇಲ್ಲ. ಲೋಟ ಕೈಗೆ ತೆಗೆದುಕೊಳ್ಳುವಷ್ಟರಲ್ಲಿ ಬಾಗಿಲಿಗೆ ಯಾರದೋ ಅಪ್ಪ, ಇಲ್ಲವೇ ಯಾರದೋ ಅಜ್ಜಿ ಬಂದು, “ಟೀಚರ್ರ, ಇವತ್ತ ಹುಡುಗ್ರಿಗಿ ಏನ್ ಹೇಳಿಕೊಟ್ರಿ?” ಎಂದು ನಿಂತಿರುತ್ತಾರೆ. ಹುಣಸಗಿ ಕಡೆಯ ಕಾಲುವೆ ಊರೊಂದರಲ್ಲಿ ಒಂದರಿಂದ ಮೂರನೇ ತರಗತಿಗೆ ಪಾಠ ಹೇಳುತ್ತ, ಅಲ್ಲೇ ಬಾಡಿಗೆ ಕೋಣೆ ಹಿಡಿದಿದ್ದ ಕಾಲದಲ್ಲಿ ನನ್ನ ಎಷ್ಟು ಚಹಾ ಆರಿ ಹೋದವೋ ದೇವರಿಗೇ ಗೊತ್ತು.

ಇದಕ್ಕೆಲ್ಲ ಮೂಲ ಸುರಪುರದಲ್ಲಿ ಆದ ಒಂದು ತರಬೇತಿ. ಮಕ್ಕಳು ಕೇಳಿ ಕಲಿಯಬಾರದು, ಮಾಡಿ ಕಲಿಯಬೇಕು ಎಂದು ಅಲ್ಲಿ ಹೇಳಿ ಕಳಿಸಿದರು. ನಾನು ಶಹಾಪುರದವಳು. ಹಿಡಿದದ್ದನ್ನು ಅರ್ಧಕ್ಕೆ ಬಿಡುವ ಸ್ವಭಾವ ನನ್ನದಲ್ಲ. ವಾಪಸ್ ಬರುವಾಗಲೇ ರಂಗಂಪೇಟೆಯಲ್ಲಿ ಇಳಿದು ಒಂದು ಭೂತಗನ್ನಡಿ, ಒಂದು ಅಯಸ್ಕಾಂತ, ಒಂದೆರಡು ಪ್ಲಾಸ್ಟಿಕ್ ಡಬ್ಬಿ ತಂದೆ. ನನ್ನ ತರಗತಿಯ ಕಿಟಕಿ ಪಕ್ಕದ ಮೂಲೆಯಲ್ಲಿ ಬಿಸಿಯೂಟದ ಅಕ್ಕಿ ಚೀಲ ಒಟ್ಟಿದ್ದರು. ಅವನ್ನೆಲ್ಲ ಹೆಡ್ ಮಾಸ್ತರ ಕೋಣೆಗೆ ಸಾಗಿಸಿ, ಖಾಲಿಯಾದ ಜಾಗಕ್ಕೆ ವಿಜ್ಞಾನದ ಮೂಲೆ ಎಂದು ಹೆಸರಿಟ್ಟೆ.

ಹೆಡ್ ಮಾಸ್ತರು ಒಳ್ಳೆಯ ಮನುಷ್ಯರು. ಆದರೆ ಅಕ್ಕಿ ಚೀಲಗಳ ನಡುವೆ ಮೊಣಕಾಲು ಮಡಚಿ ಕೂತು ಸಹಿ ಹಾಕಬೇಕಾಗಿ ಬಂದರೆ ಎಂಥ ಒಳ್ಳೆಯವರಿಗೂ ಸಿಟ್ಟು ಬರುತ್ತದೆ.

“ನೋಡ್ರಿ ಟೀಚರ್,” ಎಂದರು. “ಪಾಠ ಅಂದ್ರ ನಾವು ಹೇಳಬೇಕು, ಹುಡುಗ್ರು ತಿರುಗಿ ಹೇಳಬೇಕು. ಮಗ್ಗಿ ಹೇಳಿಸಿದ್ರ ಯಾವ ಅಪ್ಪನೂ ಸಾಲಿಗಿ ಬಂದು ತಕರಾರು ಮಾಡಂಗಿಲ್ಲ. ಸಂಕ್ರಮಣ ಮುಗದ ಮ್ಯಾಲ ದೊಡ್ಡ ಸಾಹೇಬ್ರು ಸಾಲಿ ನೋಡಾಕ ಬರ್ತಾರ. ಅವ್ರು ಚಲೋ ಅದ ಅಂದ್ರ ಮೂಲಿ ನಿಮ್ದು. ಇಲ್ಲಂದ್ರ ಅಕ್ಕೀದು.”

ಒಪ್ಪಿದೆ. ಒಪ್ಪದೆ ಏನು ಮಾಡಲಿ? ಆದರೆ ಒಳಗೊಳಗೆ ಹೆದರಿದ್ದೆ. ಎರಡನೇ ತರಗತಿಯಲ್ಲಿ ಎರಡು ಜಡೆಯ ಹುಡುಗಿಯೊಬ್ಬಳಿದ್ದಳು. ಶಾಲೆಗೆ ಸೇರಿದಾಗಿನಿಂದ ತರಗತಿಯಲ್ಲಿ ಬಾಯಿ ಬಿಟ್ಟವಳಲ್ಲ. ಹಾಜರಿ ಕೂಗಿದರೂ ಕೈ ಮಾತ್ರ ಎತ್ತುತ್ತಿದ್ದಳು. ನಾನು ಮುದ್ದು ಮಾಡಿ ನೋಡಿದೆ, ಗದರಿಸಿ ನೋಡಿದೆ, ಬೆಲ್ಲ ಕೊಟ್ಟು ನೋಡಿದೆ. ಬೆಲ್ಲ ತಿಂದಳು, ಮಾತಾಡಲಿಲ್ಲ. ಭೂತಗನ್ನಡಿ ತಂದ ದಿನ ಅದರಲ್ಲಿ ಗೋಡೆಯ ಮೇಲಿನ ಇರುವೆಯನ್ನು ಎಷ್ಟೋ ಹೊತ್ತು ನೋಡಿ, “ಟೀಚರ್ರ, ಇದಕ್ಕ ಮೀಸಿ ಅವ” ಎಂದಳು. ನನಗೆ ಕಣ್ಣೀರು ಬಂದುಬಿಟ್ಟಿತು. ಈ ಮೂಲೆ ಹೋದರೆ ಆ ಬಾಯಿ ಮತ್ತೆ ಮುಚ್ಚಿಕೊಳ್ಳುತ್ತದೆ ಎಂಬ ಹೆದರಿಕೆ ನನ್ನದು.

ಅದಕ್ಕೇ ಸಾಹೇಬರು ಬಂದು ಹೋಗುವವರೆಗೆ ಊರಿನಿಂದ ಒಂದು ತಕರಾರೂ ಬರಬಾರದು ಎಂದು ನಿರ್ಧಾರ ಮಾಡಿದೆ. ನಿರ್ಧಾರ ಮಾಡಿದ ವಾರದಲ್ಲೇ ಶುರುವಾಯಿತು.

1. ಬೋಗುಣಿಯಲ್ಲಿ ಏನೇನು ಮುಳುಗಿತು

“ನಾಳೆ ಎಲ್ಲರೂ ಮನೆಯಿಂದ ಒಂದೊಂದು ಸಾಮಾನು ತರ್ರಿ. ಯಾವುದು ತೇಲ್ತದ, ಯಾವುದು ಮುಳುಗ್ತದ ನೀರಾಗ ಹಾಕಿ ನೋಡೋಣ” ಎಂದು ಹೇಳಿ ಕಳಿಸಿದೆ. ಎಂಥ ಸಾಮಾನು ಎಂದು ಹೇಳುವುದನ್ನು ಮರೆತೆ.

ಮರುದಿನ ಅಡುಗೆಯ ಅಕ್ಕನಿಂದ ದೊಡ್ಡ ಬೋಗುಣಿ ಇಸಿದುಕೊಂಡು ನೀರು ತುಂಬಿಸಿದೆ. ಹುಣಸೆ ಬೀಜ ಬಂತು, ಬೀಗದ ಕೈ ಬಂತು, ಯಾರದೋ ಅಜ್ಜನ ಸುಣ್ಣದ ಡಬ್ಬಿ ಬಂತು. ಒಬ್ಬ ಕಟಕ ರೊಟ್ಟಿಯ ಚೂರು ತಂದಿದ್ದ. ಅದು ಮೊದಲು ತೇಲಿತು, ನೆನೆದು ಮೆತ್ತಗಾದ ಮೇಲೆ ಮುಳುಗಿತು. ಇದನ್ನು ತೇಲುವ ಕಡೆ ಬರೆಯಬೇಕೋ ಮುಳುಗುವ ಕಡೆ ಬರೆಯಬೇಕೋ ಎಂದು ತರಗತಿ ಎರಡು ಪಾಳಯವಾಗಿ ಜಗಳಕ್ಕೆ ನಿಂತಿತು. ರೊಟ್ಟಿಯ ಮಾಲೀಕ ಅದನ್ನು ನೀರಿನಿಂದ ತೆಗೆದು ತಿಂದು ಜಗಳ ಬಗೆಹರಿಸಿದ.

ಅಷ್ಟರಲ್ಲಿ ಕುರಿ ಸಾಕುವವರ ಮನೆಯ ಹುಡುಗ ಒಂದು ಕುರಿಮರಿ ಎತ್ತಿಕೊಂಡು ಒಳಗೆ ಬಂದ.

“ಇದನ್ಯಾಕ ತಂದಿಯೋ?”

“ಕೆನಾಲ್ದಾಗ ತೇಲ್ತದ್ರಿ ಟೀಚರ್ರ. ಉಣ್ಣೆ ಕತ್ತರಸೂದಕಿಂತ ಮೊದಲ ನಮ್ಮಪ್ಪ ಎಲ್ಲಾ ಕುರಿ ಅದರಾಗ ಇಳಿಸಿ ತೊಳಿತಾನ. ಬೋಗುಣ್ಯಾಗೂ ತೇಲ್ತದೇನು ನೋಡಬೇಕ್ರಿ.”

ಪ್ರಶ್ನೆ ತಪ್ಪಲ್ಲ. ತರಬೇತಿಯಲ್ಲಿ ಇಂಥ ಪ್ರಶ್ನೆಗೇ ಚಪ್ಪಾಳೆ ಹೊಡೆಯಬೇಕು ಎಂದಿದ್ದರು. ಜೀವ ಇರುವುದನ್ನು ಹಾಗೆಲ್ಲ ನೀರಿಗೆ ಹಾಕಬಾರದು ಎಂದು ನಾನು ಹೇಳುತ್ತಿರುವಾಗ ಕುರಿಮರಿ ಕೈತಪ್ಪಿಸಿಕೊಂಡು ಇಳಿದು, ಬೋಗುಣಿಗೆ ಬಾಯಿ ಹಾಕಿ ಬೇಕಾದಷ್ಟು ಕುಡಿದು, ಅಂಚಿನ ಮೇಲೆ ಕಾಲಿಟ್ಟು ಅದನ್ನು ಮಗುಚಿ ಹಾಕಿತು. ನೀರೆಲ್ಲ ಹರಿದು ಹೋದ ಮೇಲೆ ನೆಲದ ಮೇಲೆ ಬೀಗದ ಕೈ, ಸುಣ್ಣದ ಡಬ್ಬಿ, ಅವುಗಳ ನಡುವೆ ಒಂದು ಮೊಬೈಲ್ ಬಿದ್ದಿತ್ತು.

ಮೂರನೇ ತರಗತಿಯ ಹುಡುಗನೊಬ್ಬ ನಿಧಾನಕ್ಕೆ ಕೈ ಎತ್ತಿದ. “ನಮ್ಮಪ್ಪಂದ್ರಿ. ಮುಳುಗ್ತದ.”

ಅವತ್ತಿನ ಚಹಾ ಲೋಟದಲ್ಲೇ ಉಳಿಯಿತು. ಅವನಪ್ಪ ಬಾಗಿಲಲ್ಲಿ ನಿಂತಿದ್ದ. ನಾನು ಏನೋ ಸಮಾಧಾನ ಹೇಳಲು ಬಾಯಿ ತೆರೆಯುವ ಮೊದಲೇ ಅವನು ಬಹಳ ಬೇಜಾರಿನಿಂದ ಹೇಳಿದ.

“ಟೀಚರ್ರ, ಅದು ಮುಳುಗ್ತದೋ ತೇಲ್ತದೋ ನನ್ನ ಕೇಳಿದ್ರ ಹೇಳ್ತಿದ್ನೆಲ್ರಿ. ಹ್ವಾದ ವರ್ಷ ನಾನೇ ಬಾವ್ಯಾಗ ಹಾಕಿ ನೋಡೀನಿ.”

2. ನೆರಳು ಶಾಲೆಯಲ್ಲಿ ಉಳಿಯಿತು

ನೆರಳಿನ ಪಾಠಕ್ಕೆ ಏನೂ ಬೇಡ, ಬಿಸಿಲಿದ್ದರೆ ಸಾಕು. ನಮ್ಮ ಕಡೆ ಅದಕ್ಕೇನು ಬರ. ಮುಂಜಾನೆ ಮಕ್ಕಳನ್ನು ಅಂಗಳಕ್ಕೆ ಹಾಸಿದ ಫರಸಿ ಕಲ್ಲಿನ ಮೇಲೆ ನಿಲ್ಲಿಸಿ, ಒಬ್ಬೊಬ್ಬರ ನೆರಳಿನ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದೆ. ಮಧ್ಯಾಹ್ನ ಮತ್ತೆ ಅದೇ ಜಾಗದಲ್ಲಿ ನಿಲ್ಲಿಸಿದೆ. ಅಷ್ಟುದ್ದ ಇದ್ದ ನೆರಳು ಕಾಲ ಬುಡದಲ್ಲಿ ಮುದುಡಿಕೊಂಡಿತ್ತು. ಯಾಕೆ ಹೀಗಾಯಿತು, ಮನೆಯಲ್ಲಿ ವಿಚಾರ ಮಾಡಿಕೊಂಡು ಬನ್ನಿ ಎಂದೆ. ಈ ಮಾತನ್ನು ಯಾವ ಟೀಚರೂ ಎಂದೂ ಹೇಳಬಾರದು.

ಹೊತ್ತು ಇಳಿಯುವ ಮೊದಲೇ ಎರಡು ಜಡೆಯ ಹುಡುಗಿಯನ್ನು ಎಳೆದುಕೊಂಡು ಅವಳ ಅಜ್ಜಿ ಬಂದಳು. ಅವರದು ಕಾಲುವೆಯ ತೀರಾ ಕೊನೆಗಿರುವ ಹೊಲ. ಇಡೀ ದಿನ ಅಲ್ಲಿ ದುಡಿದು ಮನೆಗೆ ಬಂದವಳು ಕೂರದೆ ಹಾಗೇ ಹೊರಟು ಬಂದಿದ್ದಳು.

“ಟೀಚರ್ರ, ಹುಡುಗೀದು ನೆಳ್ಳು ಕೊಟ್ಟು ಕಳಸ್ರಿ. ಮಧ್ಯಾಹ್ನದಿಂದ ಒಂದು ತುತ್ತು ಉಂಡಿಲ್ಲ.”

“ಎಂಥ ನೆಳ್ಳು ಅಜ್ಜಿ?”

ಹುಡುಗಿ ತಲೆ ತಗ್ಗಿಸಿಯೇ ಲೆಕ್ಕ ಒಪ್ಪಿಸಿದಳು. “ಮುಂಜಾನಿ ಉದ್ದ ಇತ್ರಿ. ನೀವು ಗೆರಿ ಹೊಡದ್ರಿ. ಮಧ್ಯಾಹ್ನಕ್ಕ ನನ್ನ ಸಂಗಡ ಒಂದೀಟೇ ಬಂತು. ಉಳದದ್ದು ಗೆರಿಯಾಗೇ ಉಳದದ.”

ನಾನು ಸೂರ್ಯನ ಬಗ್ಗೆ ಒಂದು ಸಣ್ಣ ಭಾಷಣ ಮಾಡಿದೆ. ಅಜ್ಜಿಯೂ ಮೊಮ್ಮಗಳೂ ನನ್ನನ್ನು ಕರುಣೆಯಿಂದ ನೋಡಿದರು. ಕೊನೆಗೆ ಇಬ್ಬರನ್ನೂ ಬೀದಿಗೆ ಕರೆದುಕೊಂಡು ಬಂದು ಇಳಿಬಿಸಿಲಿಗೆ ಬೆನ್ನು ಮಾಡಿ ನಿಲ್ಲಿಸಿದೆ. ಹುಡುಗಿಯ ನೆರಳು ಮುಂಜಾನೆಗಿಂತ ಉದ್ದವಾಗಿ ಎದುರು ಮನೆಯ ಕಟ್ಟೆ ಮುಟ್ಟಿತ್ತು. ಅವಳು ಒಂದು ಕೈ ಎತ್ತಿ ನೋಡಿದಳು, ಇನ್ನೊಂದು ಕೈ ಎತ್ತಿ ನೋಡಿದಳು, ಎರಡು ಜಡೆಯೂ ಇವೆಯೇ ಎಂದು ತಲೆ ಅಲ್ಲಾಡಿಸಿ ನೋಡಿದಳು.

“ಪೂರಾ ಬಂದದ,” ಎಂದಳು.

“ಮುಂಜಾನಿ ಕೂಲಿಗಿ ಹೋಗಿತ್ತು, ಸಂಜಿಗಿ ಬಂತು. ನಡಿ ಇನ್ನ, ಉಣ್ಣು,” ಎಂದು ಅಜ್ಜಿ ಕರೆದುಕೊಂಡು ಹೋದಳು. ನನ್ನ ಭಾಷಣಕ್ಕಿಂತ ಅದೇ ಸಲೀಸಾಗಿತ್ತು.

ಮರುದಿನ ಶಾಲೆಯ ಗಂಟೆ ಬಾರಿಸುವ ಮೊದಲೇ ಅಜ್ಜಿ ಒಬ್ಬಳೇ ಬಂದು ಫರಸಿ ಕಲ್ಲಿನ ಮೇಲೆ ನಿಂತಿದ್ದಳು. “ನಂದೂ ಒಂದು ಬರೀರಿ ಟೀಚರ್ರ. ಈಗ ಬಾಗಿದಂಗ ಬ್ಯಾಡ. ಮೊದಲಿನಂಗ ಸೊಂಟ ನೆಟ್ಟಗ ಮಾಡಿ ಬರೀರಿ.”

3. ನಿಶ್ಚಯದ ಶಾಸ್ತ್ರದಲ್ಲಿ ಅಯಸ್ಕಾಂತ

ಅಯಸ್ಕಾಂತ ಒಂದೇ ಇತ್ತು. ಮಕ್ಕಳು ಅದಕ್ಕಾಗಿ ಕೂದಲು ಹಿಡಿದು ಜಗಳಾಡುತ್ತಿದ್ದರು. ಅದಕ್ಕೆ ಪಾಳಿ ಮಾಡಿದೆ. ದಿನಕ್ಕೊಬ್ಬರು ಮನೆಗೆ ಒಯ್ಯಬೇಕು, ಯಾವುದಕ್ಕೆ ಹತ್ತುತ್ತದೆ, ಯಾವುದಕ್ಕೆ ಹತ್ತುವುದಿಲ್ಲ ನೋಡಿ ಮರುದಿನ ಹೇಳಬೇಕು. ಹೊಲಕ್ಕೆ ನೀರೂ ಪಾಳಿಯ ಮೇಲೆಯೇ ಬರುವ ಕಾಲುವೆ ಊರಿನ ಮಕ್ಕಳಿಗೆ ಪಾಳಿ ಎಂದರೆ ಬಿಡಿಸಿ ಹೇಳಬೇಕಿಲ್ಲ. ಒಬ್ಬರ ಪಾಳಿಗೆ ಇನ್ನೊಬ್ಬರು ಕೈ ಹಾಕಲಿಲ್ಲ. ನಾನು ಹಿಗ್ಗಿದೆ.

ಮೂರನೇ ತರಗತಿಯ ಹುಡುಗಿಯೊಬ್ಬಳ ಪಾಳಿಯ ದಿನವೇ ಅವಳ ಅಕ್ಕನ ನಿಶ್ಚಯ ಇತ್ತು. ಅವಳು ಮಂಚಕ್ಕೆ ಹಚ್ಚಿ ನೋಡಿದಳಂತೆ, ಟ್ರಂಕಿಗೆ ಹಚ್ಚಿ ನೋಡಿದಳಂತೆ, ಬೀಗರ ಪೈಕಿ ಒಬ್ಬರ ಬೆಲ್ಟಿಗೂ ಹಚ್ಚಿ ನೋಡಿದಳಂತೆ. ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ಗಂಡಿನ ಕಡೆಯವರು ತಾಟಿನಲ್ಲಿ ತಂದಿಟ್ಟ ಬೆಳ್ಳಿ ಕಾಲುಚೈನಿಗೂ ಹಚ್ಚಿದಳು. ಟಕ್ಕನೆ ಹತ್ತಿತು.

“ಇದು ಬೆಳ್ಳಿ ಅಲ್ಲ. ಬೆಳ್ಳಿಗಿ ಹತ್ತಂಗಿಲ್ಲಂತ ನಮ್ಮ ಟೀಚರ್ ಹೇಳ್ಯಾರ,” ಎಂದು ಇಡೀ ಮಂದಿಯ ನಡುವೆ ಹೇಳಿದಳು.

ಆಮೇಲೆ ಏನೇನಾಯಿತು ಎಂದು ಊರಿನ ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ. ಎಲ್ಲರೂ ಒಪ್ಪುವ ಭಾಗ ಇಷ್ಟು. ಎರಡೂ ಕಡೆಯ ಹಿರಿಯರು ತಲೆಗೆ ತಲೆ ಕೊಟ್ಟು ಕೂತು ಚೈನಿನ ಒಂದೊಂದೇ ಕೊಂಡಿಗೆ ಅಯಸ್ಕಾಂತ ಹಚ್ಚಿದರು. ಬೆಳ್ಳಿ ಖರೇ ಬೆಳ್ಳಿಯೇ, ತುದಿಯ ಕೊಕ್ಕೆ ಮಾತ್ರ ಕಬ್ಬಿಣದ್ದು ಎಂದು ತೀರ್ಮಾನವಾಯಿತು. ಆಗ ಗಂಡಿನ ಸೋದರಮಾವ, “ಅದನ್ನ ಇಲ್ಲಿ ಕೊಡ್ರಿ, ನೀವು ಕೊಡೋ ಬೆಳ್ಳಿ ಉಡದಾರನೂ ಒಂದಿಷ್ಟು ನೋಡೋಣ” ಎಂದ. ಅದರ ಕೊಕ್ಕೆಯೂ ಹತ್ತಿತು. ಬರಾಬರ್ ಆಯಿತು ಎಂದು ಎರಡೂ ಕಡೆಯವರು ಖುಷಿಯಾಗಿ ಉಂಡೆದ್ದರು.

ಸುದ್ದಿ ಹೆಡ್ ಮಾಸ್ತರಿಗೆ ಮುಟ್ಟಿತು. ಅವರು ಎದ್ದು ಬಂದರು. ತರಗತಿಯ ಬಾಗಿಲಲ್ಲಿ ನಿಂತು ಮೂಲೆಯನ್ನು ನೋಡಿದರು. ಯಾವ ಚೀಲ ಕೆಳಗೆ, ಯಾವ ಚೀಲ ಮೇಲೆ ಎಂದು ಕಣ್ಣಲ್ಲೇ ಜೋಡಿಸುತ್ತಿದ್ದರು.

ಆ ಊರಲ್ಲಿ ಈಗಲೂ ನನ್ನನ್ನು ಎಲ್ಲ ಶುಭಕಾರ್ಯಕ್ಕೂ ಪ್ರೀತಿಯಿಂದ ಕರೆಯುತ್ತಾರೆ. ಕರೆದು, ನಾಲ್ಕು ಹೆಜ್ಜೆ ಹೋಗಿ, ತಿರುಗಿ ಬಂದು, “ಅದನ್ನ ಸಾಲ್ಯಾಗ ಇಟ್ಟು ಬರ್ರಿ ಟೀಚರ್ರ” ಎನ್ನುತ್ತಾರೆ.

4. ನೀರಿಲ್ಲ

ಇಷ್ಟಾದ ಮೇಲೆ ಸಾಹೇಬರಿಗೆ ತೋರಿಸಲು ಗಲಾಟೆ ಆಗದ ಪ್ರಯೋಗ ಬೇಕಿತ್ತು. ಓಡದ್ದು, ಮುಳುಗದ್ದು, ಯಾರ ಮನೆಗೂ ಹೋಗದ್ದು. ಗಿಡವೇ ಸರಿ ಎಂದುಕೊಂಡೆ. ಗಿಡ ನಿಂತ ಕಡೆ ನಿಂತಿರುತ್ತದೆ.

ಎರಡು ಡಬ್ಬಿಗೆ ಒಂದೇ ಹೊಲದ ಎರೆಮಣ್ಣು ತುಂಬಿಸಿ ಅವರೆ ಬೀಜ ಹಾಕಿದೆವು. ಎರಡರಲ್ಲೂ ಮೊಳಕೆ ಬಂದ ಮೇಲೆ ಕಿಟಕಿಯಲ್ಲಿ ಅಕ್ಕಪಕ್ಕ ಇಟ್ಟು, ಒಂದಕ್ಕೆ “ನೀರು” ಎಂದೂ ಇನ್ನೊಂದಕ್ಕೆ “ನೀರಿಲ್ಲ” ಎಂದೂ ಚೀಟಿ ಅಂಟಿಸಿದೆ. ಮೊದಲನೆಯದಕ್ಕೆ ದಿನಾ ನೀರು ಹಾಕಬೇಕು, ಎರಡನೆಯದಕ್ಕೆ ಒಂದು ಹನಿಯನ್ನೂ ಹಾಕಬಾರದು. ನೀರಿಲ್ಲದ್ದು ಒಣಗುತ್ತದೆ, ಸಾಹೇಬರು ಬಂದು ಕೇಳುತ್ತಾರೆ, ಮಕ್ಕಳು ಗಿಡಕ್ಕೆ ನೀರು ಬೇಕು ಎನ್ನುತ್ತಾರೆ, ಮೂಲೆ ನನ್ನದಾಗುತ್ತದೆ. ಇದರಲ್ಲಿ ಕೆಡುವಂಥದ್ದು ಏನಿದೆ?

ಅಷ್ಟರಲ್ಲಿ ನನಗೆ ಜ್ವರ ಬಂದು ಶಹಾಪುರದ ಮನೆಯಲ್ಲಿ ಎರಡು ಮೂರು ವಾರ ಮಲಗಿದೆ. ಎದ್ದು ಓಡಾಡುವಂತಾಗಿ, ಬಸ್ ಹಿಡಿದು ಊರಿಗೆ ಬಂದು ಇಳಿದರೆ, ಸಾಹೇಬರ ಜೀಪು ಆಗಲೇ ಶಾಲೆಯ ಮುಂದೆ ನಿಂತಿತ್ತು. ಚೀಲ ಕೆಳಗಿಡಲೂ ಪುರುಸೊತ್ತಿಲ್ಲದೆ ತರಗತಿಗೆ ಓಡಿದೆ. ಸಾಹೇಬರು ಕಿಟಕಿಯ ಮುಂದೆ ನಿಂತಿದ್ದರು. ಅವರ ಹಿಂದೆ ಹೆಡ್ ಮಾಸ್ತರು.

“ನೀರು” ಎಂಬ ಡಬ್ಬಿಯಲ್ಲಿ ಗಿಡ ಒಣಗಿ ಕಡ್ಡಿಯಾಗಿತ್ತು. “ನೀರಿಲ್ಲ” ಎಂಬ ಡಬ್ಬಿಯಿಂದ ಬಳ್ಳಿ ಎದ್ದು, ಕಿಟಕಿಯ ಸರಳಿಗೆ ಕುಡಿ ಸುತ್ತಿ, ಎಲೆ ಅಲ್ಲಾಡಿಸುತ್ತಿತ್ತು.

“ಏನ್ರೀ ಟೀಚರ್,” ಎಂದರು ಸಾಹೇಬರು. “ನೀರು ಹಾಕಿದ್ದು ಸತ್ತದ, ಹಾಕದ್ದು ಬದುಕ್ಯದ. ಮಕ್ಕಳಿಗಿ ಏನ್ ಕಲಸಾಕತ್ತೀರಿ?”

ಜ್ವರ ಮರಳಿ ಬಂದಂತಾಯಿತು. ಅಕ್ಕಿ ಚೀಲಗಳು ಸಾಲಾಗಿ ನಡೆದು ಬಂದು ಮೂಲೆಯಲ್ಲಿ ಕೂರುವುದು ನನ್ನ ಕಣ್ಣಿಗೆ ಕಂಡಿತು. ಸಾಹೇಬರು ಮಕ್ಕಳ ಕಡೆ ತಿರುಗಿದರು.

“ಗಿಡಕ್ಕ ನೀರು ಬೇಕೋ, ಬ್ಯಾಡೋ?”

“ಬೇಕ್ರಿ,” ಎಂದು ತರಗತಿಗೆ ತರಗತಿಯೇ ಹೇಳಿತು.

“ಮತ್ತ ಇದು ಹ್ಯಾಂಗ ಬದುಕ್ತು?”

ಆಗ ಎದ್ದು ನಿಂತವಳು ಎರಡು ಜಡೆಯ ಹುಡುಗಿ. ಪರಸ್ಥಳದ ಮನುಷ್ಯ, ಇನ್‌ಶರ್ಟ್ ಮಾಡಿಕೊಂಡ ಸಾಹೇಬ. ಅವರ ಮುಂದೆ ಇವಳು ಬಾಯಿ ಬಿಡುತ್ತಾಳೆ ಎಂದು ನಾನು ಕನಸಲ್ಲೂ ಎಣಿಸಿರಲಿಲ್ಲ.

“ಅದಕ್ಕ ನಾನು ನೀರು ಹಾಕೀನ್ರಿ.”

“ಹಾಕಬಾರದಂತ ಟೀಚರ್ ಹೇಳಿರಲಿಲ್ಲೇನು?”

“ಹೇಳ್ಯಾರ್ರಿ. ಆದ್ರ ಅದರ ಮ್ಯಾಲ ನೀರಿಲ್ಲ ಅಂತ ಬರದಿತ್ತಲ್ರಿ. ಅದು ಕೊನೀ ಹೊಲರಿ. ಅದಕ್ಕ ಪಾಳಿನೇ ಕೊಟ್ಟಿಲ್ರಿ.”

ಈ ಮಾತು ಅರ್ಥವಾಗಲು ಕಾಲುವೆಯ ರೀತಿ ತಿಳಿದಿರಬೇಕು. ನೀರು ಬಿಟ್ಟಾಗ ತೂಬಿನ ಹತ್ತಿರದ ಹೊಲಗಳಿಗೆ ಮೊದಲು ತುಂಬುತ್ತದೆ. ಕೊನೆಯವರಿಗೆ ಉಳಿದದ್ದು, ಉಳಿದರೆ. ನನ್ನ ತರಗತಿಯಲ್ಲಿ ಹೆಚ್ಚಿನ ಮಕ್ಕಳು ಕೊನೆಯ ಹೊಲದ ಮನೆಗಳವರು. ನೀರು ಬಂತೇ, ಬರಲಿಲ್ಲವೇ ಎನ್ನುವ ಮಾತು ಕೇಳುತ್ತಲೇ ಊಟ ಮಾಡಿ ಮಲಗುವವರು. ನಾನು ಅಂಟಿಸಿದ “ನೀರಿಲ್ಲ” ಎಂಬ ಚೀಟಿ ಅವರಿಗೆ ಪ್ರಯೋಗದ ಹೆಸರಾಗಿ ಕಾಣಲಿಲ್ಲ, ಅರ್ಜಿಯಾಗಿ ಕಂಡಿತು.

“ಹಂಗಾದ್ರ ಈ ಇನ್ನೊಂದಕ್ಯಾಕ ಯಾರೂ ಹಾಕಲಿಲ್ಲ?” ಎಂದು ಸಾಹೇಬರು ಕಡ್ಡಿಯ ಕಡೆ ಬೆರಳು ಮಾಡಿದರು.

“ಅದು ತೂಬಿನ ಬಾಜೂಕಿನ ಹೊಲರಿ,” ಎಂದಳು. “ಅದಕ್ಕೇನು, ಯಾರರೆ ಹಾಕೇ ಹಾಕ್ತಾರ.”

ಸಾಹೇಬರು ಮೀಸೆಯಲ್ಲಿ ನಗು ತಡೆದುಕೊಂಡರು. “ನೀರಿಲ್ಲದ್ದಕ್ಕ ಯಾರ್ಯಾರು ನೀರು ಹಾಕೀರಿ, ಕೈ ಎತ್ರಿ.”

ಒಂದು ಕೈ ಎದ್ದಿತು, ಮತ್ತೊಂದು ಎದ್ದಿತು, ನೋಡನೋಡುತ್ತ ತರಗತಿಯೆಲ್ಲ ಕೈಯಾಯಿತು. ಒಬ್ಬರು ಹಾಕಿದ್ದು ಇನ್ನೊಬ್ಬರಿಗೆ ಗೊತ್ತಿರಲಿಲ್ಲವಾಗಿ ಮಕ್ಕಳು ಬೆರಗಾಗಿ ಒಬ್ಬರ ಮುಖ ಒಬ್ಬರು ನೋಡಿದರು. ಬಾಗಿಲಲ್ಲಿ ನಿಂತಿದ್ದ ಅಡುಗೆಯ ಅಕ್ಕ ಸೌಟು ಹಿಡಿದ ಕೈಯನ್ನೇ ಎತ್ತಿದಳು. “ಅಕ್ಕಿ ತೊಳದ ನೀರ್ರಿ ಸಾಹೇಬ್ರ. ಸುಮ್ನ ಚೆಲ್ಲೂದಕಿಂತ ಅಂತ.”

ಆಮೇಲೆ ಹೆಡ್ ಮಾಸ್ತರು ಕೆಮ್ಮಿದರು.

“ನೀವೂ?”

“ಕೈ ತೊಳಿಯಾಗ ಒಂದೀಟು ಬಿದ್ದಿರಬೇಕ್ರಿ.”

“ಒಂದು ದಿನ?”

“ದಿನಾ ಉಣ್ಣತೀನೆಲ್ರಿ ಸಾಹೇಬ್ರ.”

ಆ ಕೋಣೆಯಲ್ಲಿ ಕೈ ಕೆಳಗಿಟ್ಟುಕೊಂಡು ನಿಂತವಳು ನಾನೊಬ್ಬಳೇ. ಎರಡು ಜಡೆಯ ಹುಡುಗಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಒಂದು ಹನಿನೂ ಹಾಕಿಲ್ರಿ ಟೀಚರ್ರ?” ಎಂದು ಬಹಳ ಮೆಲ್ಲಗೆ ಕೇಳಿದಳು. ತೂಬು ಮುಚ್ಚಿ ಬಂದವಳನ್ನು ನೋಡುವ ಹಾಗೆ ಇಡೀ ತರಗತಿ ನನ್ನನ್ನು ನೋಡಿತು.

ನನಗೆ ಅವಮಾನವೂ ಆಯಿತು, ಅದಕ್ಕಿಂತ ಹೆಚ್ಚು ಸಂತೋಷ ಆಯಿತು. ಮಾತಾಡದ ಹುಡುಗಿ ಸಾಹೇಬರ ಮುಂದೆ ನನ್ನ ಮೇಲೆಯೇ ತಕರಾರು ಮಾಡುತ್ತಿದ್ದಳು. ಇನ್ನು ಮೂಲೆ ಹೋದರೂ ಈ ಬಾಯಿ ಮುಚ್ಚುವುದಿಲ್ಲ ಎಂದು ಮನಸ್ಸು ಹಗುರಾಯಿತು.

ಸಾಹೇಬರು ಕರವಸ್ತ್ರದಿಂದ ಕಣ್ಣು ಒರೆಸಿಕೊಂಡು ಹೆಡ್ ಮಾಸ್ತರ ಕಡೆ ತಿರುಗಿದರು. “ಪ್ರಯೋಗ ಪೂರಾ ಕೆಟ್ಟದ. ಟೀಚರ್ ಮತ್ತ ಮೊದಲಿನಿಂದ ಮಾಡಬೇಕಾಗ್ತದ. ಅದಕ್ಕ ಮೂಲಿ ಬೇಕಲ್ಲ, ಇರ್ಲಿ.” ಆಮೇಲೆ ನನ್ನ ಕಡೆ ನೋಡಿ, “ಮುಂದಿನ ಸಲ ಆ ಡಬ್ಬಿಗಿ ಕಾವಲು ಇಡ್ರಿ” ಎಂದರು.

“ಕಾವಲಿಗಿ ಯಾರನ್ನ ಇಡ್ಲಿ ಸಾಹೇಬ್ರ?” ಎಂದೆ. ಅವರು ಹೆಡ್ ಮಾಸ್ತರನ್ನು ನೋಡಿದರು, ಅಡುಗೆಯ ಅಕ್ಕನನ್ನು ನೋಡಿದರು, ಸೀದಾ ಹೊರಗೆ ನಡೆದರು.

ಜೀಪು ಹತ್ತುವ ಮೊದಲು ಕುಡಿಯಲು ನೀರು ಕೇಳಿದರು. ಅಡುಗೆಯ ಅಕ್ಕ ತಂಬಿಗೆ ತುಂಬ ತಂದುಕೊಟ್ಟು ಒಳಗೆ ಹೋದಳು, ಹೆಡ್ ಮಾಸ್ತರು ಸಹಿಯ ಪುಸ್ತಕ ತರಲು ತಮ್ಮ ಕೋಣೆಗೆ ಹೋದರು. ನಾನು ಮಕ್ಕಳ ಜೊತೆ ತರಗತಿಯಲ್ಲೇ ಬಾಗಿಲ ಮರೆಯಲ್ಲಿ ನಿಂತು ನೋಡುತ್ತಿದ್ದೆ. ಸಾಹೇಬರು ಅರ್ಧ ಕುಡಿದರು. ಅತ್ತ ನೋಡಿದರು, ಇತ್ತ ನೋಡಿದರು. ಯಾರೂ ಇಲ್ಲ ಎಂದು ಖಾತ್ರಿಯಾದ ಮೇಲೆ ಮೆಲ್ಲಗೆ ಕಿಟಕಿಯ ಹತ್ತಿರ ಬಂದು, ಸರಳಿನ ಸಂದಿಯಿಂದ ಕೈ ಚಾಚಿ, ಉಳಿದ ನೀರನ್ನು “ನೀರಿಲ್ಲ” ಡಬ್ಬಿಗೆ ಸುರಿದು, ತಂಬಿಗೆಯನ್ನು ಕಟ್ಟೆಯ ಮೇಲಿಟ್ಟು ಏನೂ ಆಗದವರಂತೆ ಜೀಪು ಹತ್ತಿದರು.

ಎರಡು ಜಡೆಯ ಹುಡುಗಿ ನನ್ನ ಸೆರಗು ಜಗ್ಗಿದಳು.

“ಟೀಚರ್ರ, ಸಾಹೇಬ್ರದೂ ಕೊನೀ ಹೊಲ ಇರಬೇಕ್ರಿ.”